ಮೂರನೇ ಕಮಾನಿನಲ್ಲಿ ಸಾಯುವ ಮಾತು

"ಎಲಿ ಕರ್ರಗ ಐತ್ರಿ, ದಪ್ಪ ಐತಿ, ತೊಟ್ಟು ಮುರದ್ರ ನೀರು ಚಿಮ್ಮತೈತಿ. ಈಗ ಇನ್ನೊಂದು ಪೆಂಡಿ ಬಿಚ್ಚಾಕತ್ತೇನಿ ನೋಡ್ರಿ, ಇದರ ವಾಸನಿನ ಬ್ಯಾರೆ... ಹಲೋ? ಸಾವಕಾರ್ರ? ಹಲೋ?"

ಮಾಹೀರಾ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಮತ್ತೆ ಕಿವಿಗೆ ಒತ್ತಿಕೊಂಡಳು. ಮತ್ತೆ ತೆಗೆದಳು.

ಮಾತು ಸತ್ತಿತ್ತು.

"ಶಭಾಷ್!" ಅಸದ ಚಪ್ಪಾಳೆ ತಟ್ಟಿದ. "ನೋಡಿದ್ರಿಲ್ಲ, ಪತ್ತೇದಾರ ಸಾಹೇಬ್ರ? ನಿಮ್ಮ ಕಣ್ಣ ಮುಂದ ಕಟ್ ಮಾಡಿದ್ಲು."

ಪತ್ತೇದಾರ ಸಾಹೇಬ ಎಂದರೆ ನಾನು, ಬಂಕಾಪುರದ ಅಕೀಬ. ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಹಿಂದೆ ನಾನೂ ಹಿರೇಬೆಂಡಿಗೇರಿಯ ವಿದ್ಯಾಶ್ರೀಯೂ ಸೇರಿ ವೈಫೈ ಜೋಡಿಸಿ ಕೊಡುವ ಅಂಗಡಿ ಇಟ್ಟಿದ್ದೇವೆ. ವೈಫೈ ಕೆಟ್ಟ ಕಡೆ ಮನುಷ್ಯರೂ ಒಂಚೂರು ಕೆಟ್ಟಿರುತ್ತಾರೆ ಎಂದು ಗೊತ್ತಾದ ಮೇಲೆ ಪತ್ತೇದಾರಿಕೆಯ ಬೋರ್ಡನ್ನೂ ಅದೇ ಬಾಗಿಲಿಗೆ ಹೊಡೆದೆವು. ಸವಣೂರಿನ ನಬೀಸಾಬರು ನಮ್ಮನ್ನು ಕರೆಸಿದ್ದು ಒಂದೇ ಪ್ರಶ್ನೆಗೆ: ಅವರ ವೀಳ್ಯದೆಲೆ ವಖಾರಿಯಲ್ಲಿ, ಎಂದರೆ ಎಲೆಯ ಗೋದಾಮಿನಲ್ಲಿ, ಗಿರಾಕಿಗಳ ಫೋನು ಕತ್ತರಿಸುತ್ತಿರುವವರು ಯಾರು?

"ನಾ ಯಾಕ ಕಟ್ ಮಾಡ್ಲೋ ಅಸದಣ್ಣ?" ಮಾಹೀರಾ ಅವನ ಮುಖವನ್ನೇ ನೋಡುತ್ತ ಕೇಳಿದಳು. "ಎಲಿ ಮಾರಿದ್ರ ನನ್ನ ಪಗಾರ. ನನ್ನ ಹೊಟ್ಟಿ ಮ್ಯಾಲ ನಾನ ಕಾಲು ಇಟ್ಕೊಳ್ಳೇನು?"

"ಹಾನಗಲ್ಲ ಕಡಿ ವ್ಯಾಪಾರಿ ಆ ಹೊಟ್ಟಿ ತುಂಬಸ್ತಿರಬೇಕು. ನಿನ್ನ ಫೋನ್ ಕಟ್ಟಾದ ಗಿರಾಕಿ ಎಲ್ಲಾ ಅವನ ಕಡೀನ ಹೋಗ್ಯಾರ. ನನ್ನ ಫೋನ್ ಎಂದರ ಕಟ್ಟಾಗೇತೇನು?"

ಅದು ನಿಜವೇ ಆಗಿತ್ತು. ಅಸದ ನಬೀಸಾಬರ ತಂಗಿಯ ಮಗ; ವಖಾರಿಯಲ್ಲಿ ಆ ತಂಗಿಗೂ ಅರ್ಧ ಪಾಲಿದೆ. ದಿನವಿಡೀ ಆಫೀಸಿನ ಕೋಣೆಯಿಂದ ಮಾತಾಡುತ್ತಾನೆ. ಅವನ ಒಂದು ಕರೆಯೂ ಕಡಿದದ್ದಿಲ್ಲ.

ಆಫೀಸಿನ ಜಾಲಂಧ್ರದ ಆಚೆ ಗಾದಿಯ ಮೇಲೆ ಕುಂತಿದ್ದ ನಬೀಸಾಬರು ತಸ್ಬಿಯ ಜಪಮಣಿ ಎಣಿಸುವುದನ್ನು ನಿಲ್ಲಿಸದೆಯೇ ಹೇಳಿದರು. "ಅಕೀಬ, ನಾ ಮಧ್ಯಾಹ್ನದ ಜೋಹರ ನಮಾಜಿಗೆ ಎದ್ದು ಹೋಗೂದ್ರಾಗ ನನಗ ಉತ್ತರ ಬೇಕು. ಇಲ್ಲಂದ್ರ ಈ ಹುಡುಗಿ ನಾಳಿಂದ ಬರೂದು ಬ್ಯಾಡ."

ಸವಣೂರಿನಲ್ಲಿ ಎಲೆ ವ್ಯಾಪಾರ ನಡೆಯುವುದೇ ಬಾಯಿಯ ಮೇಲೆ. ಗಿರಾಕಿ ಹಿರೇಕೆರೂರಿನಲ್ಲೋ ಸಾಂಗ್ಲಿಯಲ್ಲೋ ಕುಂತಿರುತ್ತಾನೆ. ಇಲ್ಲಿ ಒಬ್ಬರು ಬುಟ್ಟಿಗಳ ನಡುವೆ ನಡೆಯುತ್ತ, ಪೆಂಡಿ ಬಿಚ್ಚುತ್ತ, ಎಲೆ ಹೇಗಿದೆ ಎಂದು ಫೋನಿನಲ್ಲಿ ಹೇಳುತ್ತಾರೆ. ಹೇಳಿದ ಮಾತನ್ನು ನಂಬಿ ಅವನು ಕೊಳ್ಳುತ್ತಾನೆ. ಆ ಕೆಲಸಕ್ಕೆ ಇಳಿದ ಮೊದಲ ಹೆಣ್ಣುಮಗಳು ಮಾಹೀರಾ. ತಂಗಿ ಸಾಯಿಮಾಳನ್ನೂ ಇದೇ ಕೆಲಸಕ್ಕೆ ಸೇರಿಸುವವಳಿದ್ದಳು. ಗಿರಾಕಿ ಕದ್ದಳೆಂಬ ಹೆಸರು ಬಂದರೆ ಊರಿನ ಯಾವ ವಖಾರಿಯೂ ಅಕ್ಕನನ್ನೂ ಕರೆಯುವುದಿಲ್ಲ, ತಂಗಿಯನ್ನೂ ಕರೆಯುವುದಿಲ್ಲ.

ನಾನು ಎದೆ ಸೆಟೆಸಿದೆ. "ಕಾಲ್ ಕಟ್ ಮಾಡೋನು ಯಾರೇ ಆಗಿರಲಿ, ಅವನ ಕಥೇಲಿ ಇಂಟರ್‌ವಲ್ ಇರಲ್ಲ. ಡೈರೆಕ್ಟ್ ಶುಭಂ!"

ಯಾರೂ ಸೀಟಿ ಹೊಡೆಯಲಿಲ್ಲ.

"ಮುಗೀತಾ?" ಎಂದಳು ವಿದ್ಯಾಶ್ರೀ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. "ಮುಗಿದಿದ್ರ ಇಲ್ಲಿ ಬಾ."

ಆಕೆಯ ಪರದೆಯ ಮೇಲೆ ವಖಾರಿಯ ನಕ್ಷೆ ಇತ್ತು. ಹಳೆಯ ಕಲ್ಲಿನ ಕಟ್ಟಡ. ಗೋಡೆ ಎಷ್ಟು ದಪ್ಪವೆಂದರೆ ಮೊಬೈಲ್ ಟವರಿನ ಸಿಗ್ನಲ್ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಅದಕ್ಕೇ ನಬೀಸಾಬರು ಹುಬ್ಬಳ್ಳಿಯ ಯಾರೋ ಹುಡುಗರನ್ನು ಕರೆಸಿ ಒಳಗೆಲ್ಲ ವೈಫೈ ಹಾಕಿಸಿ, ವೈಫೈ ಮೇಲೆ ಮಾತಾಡುವ ಫೋನುಗಳನ್ನು ಕೊಂಡಿದ್ದರು. ಉದ್ದನೆಯ ಹಜಾರ, ಸಾಲಾಗಿ ಕಮಾನುಗಳು, ಕಮಾನಿನ ಹೆಗಲ ಮೇಲೆ ಒಂದೊಂದು ಬಿಳಿ ಡಬ್ಬಿ. ನಡೆಯುತ್ತ ಮಾತಾಡಿದರೆ ಒಂದು ಡಬ್ಬಿ ಆ ಮಾತನ್ನು ಮುಂದಿನ ಡಬ್ಬಿಯ ಕೈಗೆ ಕೊಡಬೇಕು, ಕಬಡ್ಡಿಯಲ್ಲಿ ಕೈ ಬಿಡದ ಸರಪಳಿಯಂತೆ.

"ಮುಂಜಾನೆ ಏನೇನ್ ಮಾಡಿದ್ವಿ, ಹೇಳು," ಎಂದಳು ವಿದ್ಯಾಶ್ರೀ.

"ಮಾತಿಗೆ ವಿಐಪಿ ಪಾಸ್ ಕೊಟ್ವಿ."

ವಿಡಿಯೊ ಕಾಯಬಲ್ಲದು, ಫೋಟೊ ಕಾಯಬಲ್ಲದು, ಮಾತು ಮಾತ್ರ ಕಾಯುವುದಿಲ್ಲ. ಕಣ್ಣು ಮಿಟುಕಿಸುವಷ್ಟು ತಡವಾದರೂ 'ಕರ್ರಗ ಐತಿ' ಎಂಬುದು 'ಕ... ಐ...' ಆಗಿ ಹೋಗುತ್ತದೆ. ಆದ್ದರಿಂದ ಈ ಜಾಲದಲ್ಲಿ ಮಾತೇ ಮೊದಲು ಹೋಗಲಿ, ಉಳಿದದ್ದೆಲ್ಲ ಹಿಂದೆ ಸಾಲಿನಲ್ಲಿ ನಿಲ್ಲಲಿ ಎಂದು ಏರ್ಪಾಡು ಮಾಡಿದ್ದೆವು. ಹಾಗೆ ಹಿಂದಕ್ಕೆ ದಬ್ಬಿಸಿಕೊಂಡದ್ದರಲ್ಲಿ ಅಸದನ ರೀಲ್ಸೇ ಮುಖ್ಯವಾದದ್ದು. ಮೊದಲಿಗೆ ಕಳ್ಳ ಅದೇ ಎಂದುಕೊಂಡಿದ್ದೆ. ಅಲ್ಲ. ರೀಲ್ಸ್ ನಿಂತವು, ಮಾತು ಹಾಗೇ ಸಾಯುತ್ತಿತ್ತು.

"ಆಮ್ಯಾಲ ನೀ ಹಜಾರದಾಗ ಹಾಡ್ಕೋತ ನಡದಿ," ಎಂದಳು ಆಕೆ.

"ಕಟ್ಟಾಗಲಿಲ್ಲ."

"ಹೌದು. ಕೇಳೂ ನಸೀಬು ನಂದಾಗಿತ್ತು. ಆದ್ರ ಮಾಹೀರಾ ಅದ ಹಾದಿ ಹಿಡದು ಹೋದ್ರ, ಮೂರನೇ ಕಮಾನು ದಾಟೂದ್ರಾಗ ಕಟ್. ಅದ ಡಬ್ಬಿ, ಅದ ಫೋನು."

"ಹಂಗಾರ ಖರೇನ ಆಕಿನ ಒತ್ತತಾಳಂತಿ?"

"ನಾ ಏನೂ ಅನ್ನಾಕತ್ತಿಲ್ಲ. ನೀ ಹೋಗಿ ನೋಡು."

ಮೂರನೇ ಕಮಾನಿಗೆ ಹೋದೆ. ಅಲ್ಲಿಂದಾಚೆ ಎಲೆಯ ರಾಜ್ಯ. ಬುಟ್ಟಿಗಳ ಮೇಲೆ ಒದ್ದೆ ಗೋಣಿ, ಬಾಗಿಲಿಗೆ ಒದ್ದೆ ಗೋಣಿ, ಕಂಬಕ್ಕೆ ಒದ್ದೆ ಗೋಣಿ. ಹೊರಗೆ ಮಾರ್ಚಿನ ಬಿಸಿಲು ಹಪ್ಪಳ ಸುಡುತ್ತಿದ್ದರೂ ಒಳಗೆ ತಣ್ಣಗೆ, ಖಾರವಾಗಿ, ಹಸಿರಾಗಿ ಘಮ ಬರುತ್ತಿತ್ತು. ವಖಾರಿಯ ಹಿರಿಯ ಆಳು ಪೀರಸಾಬ ಕೊಡ ಹಿಡಿದು ನೀರು ಚಿಮುಕಿಸುತ್ತಿದ್ದ. ನೀರು ಬಿದ್ದ ಕೂಡಲೇ ಎಲೆ ಹೊಳೆಯುತ್ತದೆ. ಹೊಳೆಯುವಾಗಲೇ ಗಿರಾಕಿಗೆ ವರ್ಣಿಸಬೇಕು. ಹಾಗಾಗಿ ಪೀರಸಾಬ ಮುಂದೆ, ಫೋನು ಹಿಡಿದ ಮಾಹೀರಾ ಅವನ ಬೆನ್ನಿಗೆ. ಇದು ಇಲ್ಲಿಯ ರೂಢಿ.

"ಚಾಚಾ, ಮಾಹೀರಾ ಫೋನ್ ಒತ್ತೂದು ನೀವು ನೋಡೀರೇನು?"

"ನನ್ನ ಕಣ್ಣು ಎಲಿ ಮ್ಯಾಲ ಇರ್ತೈತಪ್ಪ, ಹುಡುಗ್ಯಾರ ಕೈ ಮ್ಯಾಲ ಇರಂಗಿಲ್ಲ," ಎಂದು ಪೀರಸಾಬ ನನ್ನ ಜೀನ್ಸಿಗೂ ಎರಡು ಹನಿ ಚಿಮುಕಿಸಿ ಮುಂದೆ ಹೋದ.

ಅಸದ ಹಿಂದೆಯೇ ಬಂದಿದ್ದ. "ಇನ್ನೊಂದ್ ಕೇಳ್ರಿ. ನಾಲ್ಕನೇ ನಂಬರ್ ಫೋನೂ ಹೋಗೇತಿ. ಅದೂ ಇಕಿ ಕೈಯಾಗಿಂದನ. ನೀರಿನ ಟಾಕ್ಯಾಗ ಬಿದ್ದು ಸತ್ತೈತಿ."

"ಸುಳ್ಳು!" ಮಾಹೀರಾ ಬುಟ್ಟಿಯ ಹಿಂದಿನಿಂದ ಕೂಗಿದಳು. "ಚಾರ್ಜಿಂಗಿಗೆ ಇಟ್ಟಿದ್ದೆ. ಬಂದ್ ನೋಡಿದ್ರ ಇರಲಿಲ್ಲ. ಟಾಕ್ಯಾಗ ಬಿದ್ದಿರಬೇಕು ಹೋಗ್ಲಿ ಬಿಡು ಅಂತ ಮಾಮೂನ ಅಂದ್ರು. ನಾ ಏನು ಹೇಳ್ಲಿ?"

ಮಾಮೂ ಎಂದರೆ ನಬೀಸಾಬರು. ವಖಾರಿಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ.

ಆಗ ನನ್ನ ಕುತ್ತಿಗೆಯ ಮೇಲೆ ಒಂದು ಹನಿ ಬಿತ್ತು.

ತಣ್ಣಗಿತ್ತು. ಪೀರಸಾಬ ಆ ಹೊತ್ತಿಗೆ ದೂರ ಹೋಗಿದ್ದ. ಛಾವಣಿ ಕಲ್ಲಿನದು, ಮಳೆ ಬರಲು ಇನ್ನೂ ಎರಡು ಹಬ್ಬ ಕಳೆಯಬೇಕು.

ಮೇಲೆ ನೋಡಿದೆ. ಎಲೆ ವಖಾರಿಯಲ್ಲಿ ಗೋಣಿಯನ್ನು ಗುರುತಿಸುವುದೆಂದರೆ ಮದುವೆಮನೆಯಲ್ಲಿ ಅಕ್ಷತೆಯ ಒಂದು ಕಾಳನ್ನು ಗುರುತಿಸಿದಂತೆ. ಆದರೆ ಕಮಾನಿನ ಹೆಗಲ ಮೇಲಿದ್ದ ಆ ಗೋಣಿಯಿಂದ, ನಾನು ಹಾಡುತ್ತ ನಡೆದಾಗ ನೀರು ತೊಟ್ಟಿಕ್ಕುತ್ತಿರಲಿಲ್ಲ.

ಓಡಿ ಹೋಗಿ ವಿದ್ಯಾಶ್ರೀಯ ಕಿವಿಯಲ್ಲಿ ಹೇಳಿದೆ. ಆಕೆ ಒಂದು ಗಳಿಗೆ ಕಣ್ಣು ಮುಚ್ಚಿದಳು; ಆಕೆ ನಗುವುದು ಹಾಗೆಯೇ.

"ತೆಗದುಬಿಡೂಣು?" ಎಂದಳು.

"ಛೇ! ಇಷ್ಟು ಸೀದಾ ತೆಗದ್ರ ಪಿಚ್ಚರ್ ಎಲ್ಲಿ ಐತಿ? ಆ ಹುಡುಗಿಗೆ ಅಸದ ಎಲ್ಲರ ಮುಂದ ಕಳ್ಳಿ ಅಂದಾನ. ಎಲ್ಲರ ಮುಂದನ ವಾಪಸ್ ತಗೋಬೇಕು."

ಡೈಲಾಗ್ ನಾನೇ ಹೇಳಿಕೊಟ್ಟೆ. ಆಕೆ ಅದನ್ನು ಕೇಳಿಸಿಕೊಂಡು, ಒಂದಕ್ಷರವನ್ನೂ ಬಳಸುವುದಿಲ್ಲ ಎಂದು ಹೇಳಿ, ತನ್ನ ಮೊಬೈಲ್ ಹಿಡಿದು ಅಂಗಳದ ಬೇವಿನ ಮರದ ಕೆಳಗೆ ಹೋದಳು.

ನಾನು ಅಸದನ ಹೆಗಲ ಮೇಲೆ ಕೈ ಹಾಕಿದೆ. "ಅಸದಭಾಯ್, ಈಗೊಂದು ದೊಡ್ಡ ಪಾರ್ಟಿ ಫೋನ್ ಬರ್ತೈತಂತ. ಸಾಂಗ್ಲಿ ಸೇಠಾಣಿ. ಮಗಳ ಮದುವಿಗೆ ಲಾರಿ ಎಲಿ ಬೇಕಂತ. ಮಾಹೀರಾ ಮ್ಯಾಲ ನಿಮಗ ಭರೋಸ ಇಲ್ಲ. ನೀವ ಯಾಕ ಹಜಾರದಾಗ ನಡದು ಮಾರಬಾರದು? ನಿಮ್ಮ ಫೋನ್ ಅಂತೂ ಎಂದೂ ಕಟ್ಟಾಗಂಗಿಲ್ಲ."

ಲಾರಿ ಎಂಬ ಶಬ್ದ ಕೇಳಿದ ಕೂಡಲೇ ಅಸದ ಕೂದಲು ತೀಡಿಕೊಂಡ. "ಕೊಡ್ರಿ ಇತ್ತ. ವ್ಯಾಪಾರ ಹೆಂಗ ಮಾಡ್ತಾರಂತ ಇಕಿಗೂ ತೋರಸ್ತೇನಿ."

ಫೋನು ರಿಂಗಾಯಿತು. ಎಲ್ಲರಿಗೂ ಕೇಳಲೆಂದು ನಾನೇ ಸ್ಪೀಕರ್ ಒತ್ತಿದೆ.

"ಹಾಂ, ಮೀ ಸಾಂಗ್ಲೀಹೂನ್ ಬೋಲತೆ," ಎಂದಿತು ಮರಾಠಿಯಲ್ಲಿ ಒಂದು ಭಾರೀ ಹೆಂಗಸಿನ ದನಿ. "ಕನ್ನಡ ಸೊಲ್ಪ ಸೊಲ್ಪ ಬರ್ತದ. ಪಾನ ಛಲೋ ಇದ್ದಾವ ಕಾಯ?"

"ಬಾಯಿ ಸಾಹೇಬ, ಛಲೋ ಅಂದ್ರ? ಸವಣೂರ ಎಲಿ ಅಂದ್ರ ನವಾಬ್ರ ಬಾಯಿಗೆ ಬೀಳೂ ಎಲಿ!" ಅಸದ ಮೊದಲ ಕಮಾನು ದಾಟಿದ. ನಡಿಗೆ ನೋಡಬೇಕಿತ್ತು, ಸ್ಲೋ ಮೋಷನ್ನಿನಲ್ಲಿ ಧೂಳೊಂದು ಏಳುವುದು ಬಾಕಿ.

"ಮಾಝ ಜಾವಯಿ ಬಾಳ ಜೋರ ಅದಾನ. ಎಲಿ ಸಣ್ಣದಾದ್ರ ಮಂಟಪ ಬಿಟ್ಟು ಎದ್ದು ಹೋಗ್ತಾನ."

"ಏಳಾಕ ಬಿಡೂದಿಲ್ರಿ! ಎಲಿ ಅಂಗೈ ಅಗಲ ಐತಿ. ನಿಮ್ಮ ಅಳಿಯಾ ಹಾಕ್ಕೊಂಡು ಕುಂತಲ್ಲೆ ಮಲಗಬೇಕು." ಎರಡನೇ ಕಮಾನು ದಾಟಿತು. ಮೂರನೆಯದೂ ಬಂತು. "ಈಗ ನೋಡ್ರಿ, ಪೆಂಡಿ ಬಿಚ್ಚಾಕತ್ತೇನಿ. ರೇಟ್ ಮಾತ್ರ ನಾ... ಹಲೋ? ಬಾಯಿ ಸಾಹೇಬ? ಹಲೋ?"

ಮೊದಲು ನಕ್ಕವಳು ಮಾಹೀರಾ. ಬಾಯಿಗೆ ಓಢಣಿ ಒತ್ತಿಕೊಂಡರೂ ನಗೆ ನಿಲ್ಲಲಿಲ್ಲ.

"ಶಭಾಷ್!" ನಾನು ಚಪ್ಪಾಳೆ ತಟ್ಟಿದೆ. "ಹಾನಗಲ್ಲ ವ್ಯಾಪಾರಿ ನಿಮಗೂ ಹೊಟ್ಟಿ ತುಂಬಸ್ತಾನೇನ್ರಿ, ಅಸದಭಾಯ್?"

"ನಾ ಕಟ್ ಮಾಡಿಲ್ಲ! ಅಲ್ಲಾನ ಆಣಿಗೂ ನಾ ಒತ್ತಿಲ್ಲ!"

"ಅಕಿನೂ ಇದನ್ನ ಅಂತಿದ್ಲು."

ಅಸದ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಷ್ಟರಲ್ಲಿ ಸಾಂಗ್ಲಿ ಸೇಠಾಣಿ ಚೂಡಿದಾರದಲ್ಲಿ ಒಳಗೆ ಬಂದು, "ಏಣಿ ಹಿಡಿಲೇ ಅಕೀಬ," ಎಂದಾಗ ಅವನ ಮುಖಕ್ಕೆ ಬಂದ ಬಣ್ಣ ಯಾವ ಎಲೆಗೂ ಇಲ್ಲ.

ವಿದ್ಯಾಶ್ರೀ ಏಣಿ ಹತ್ತಿ ಕಮಾನಿನ ಹೆಗಲಿಂದ ಒಂದು ಮುದ್ದೆ ಇಳಿಸಿದಳು. ನಾಲ್ಕು ಮಡಿಕೆ ಹಾಕಿದ ಗೋಣಿ, ನೀರು ಸೋರುತ್ತಿತ್ತು. ಅದರ ಹಿಂದೆ ಬಿಳಿ ಡಬ್ಬಿ ಹಸಿರು ಕಣ್ಣು ಪಿಳುಕಿಸಿತು.

"ಯಾ ಅಲ್ಲಾ! ಅದನ್ಯಾಕ ತೆಗದ್ಯವ್ವ?" ಪೀರಸಾಬ ಕೊಡ ಇಟ್ಟು ಓಡಿ ಬಂದ. "ಎಲಿ ಕೆಡತಾವ!"

"ಇದನ್ನ ನೀವ ಹಾಕಿದ್ರೇನು, ಚಾಚಾ?"

"ಮತ್ತ್ಯಾರ್ ಹಾಕ್ಬೇಕು? ಮುಟ್ಟಿ ನೋಡಪ್ಪ ಆ ಡಬ್ಬಿನ್ನ, ಚಾದ ಕಪ್ಪಿನಂಗ ಬೆಚ್ಚಗ ಐತಿ. ಎಲಿ ಇದ್ದಲ್ಲೆ ಬಿಸಿ ಇರಬಾರದು. ನೀರು ಹೊಡಿಯಾಕ ಬಂದಾಗೆಲ್ಲಾ ತೊಯ್ಸಿ ಹೊಚ್ಚತೇನಿ. ಎಲಿ ಇದ್ದಲ್ಲೆಲ್ಲಾ ಹೊಚ್ಚೇನಿ. ಆಫೀಸಿನ್ಯಾಗ ಎಲಿ ಇಲ್ಲ, ಅದಕ್ಕ ಹೊಚ್ಚಿಲ್ಲ." ಅವನು ನಮ್ಮ ಮುಖಗಳನ್ನು ನೋಡಿದ. "ತಪ್ಪಾತೇನು?"

ಹೇಗೆ ಹೇಳುವುದು? ವೈಫೈ ಅಲೆಗೆ ಕಲ್ಲಿನ ನಂತರದ ವೈರಿ ಯಾರಾದರೂ ಇದ್ದರೆ ಅದು ನೀರು. ನಾಲ್ಕು ಮಡಿಕೆ ಒದ್ದೆ ಗೋಣಿಯೆಂದರೆ ಡಬ್ಬಿಯ ಬಾಯಿಗೆ ಬಟ್ಟೆ ತುರುಕಿದಂತೆ. ಗೋಣಿ ಒಣಗಿದಾಗ ಮಾತು ಹೋಗುತ್ತದೆ, ತೊಯ್ದಾಗ ಸಾಯುತ್ತದೆ. ಪೀರಸಾಬ ಹೊಚ್ಚಿ ಮುಂದೆ ಹೋಗುತ್ತಾನೆ, ಮಾಹೀರಾ ಫೋನು ಹಿಡಿದು ಅವನ ಬೆನ್ನಿಗೇ ಬರುತ್ತಾಳೆ. ವಖಾರಿಯ ಒಳ್ಳೆಯ ರೂಢಿಯೇ ಆಕೆಯನ್ನು ಪ್ರತಿಸಲ ಹೊಸದಾಗಿ ತೊಯ್ದ ಗೋಣಿಯ ಕೆಳಗೆ ತಂದು ನಿಲ್ಲಿಸುತ್ತಿತ್ತು.

"ಹುಬ್ಬಳ್ಳಿ ಹುಡುಗ್ರು ಶುಕ್ರವಾರ ಬಂದು ಹಾಕಿದ್ರಲ್ಲ?" ವಿದ್ಯಾಶ್ರೀ ಕೇಳಿದಳು. "ವಖಾರಿಗೆ ರಜಾ. ಬುಟ್ಟಿ ಇಲ್ಲ, ನೀರಿಲ್ಲ, ಚಾಚಾ ಇಲ್ಲ. ಖಾಲಿ ಮನ್ಯಾಗ ಎಲ್ಲಾ ಸಿಗ್ನಲ್ಲೂ ಹೀರೋನ. ಮಾಲು ತುಂಬಿದ ಮ್ಯಾಲ, ಕೆಲಸದ ಹೊತ್ತಿನ್ಯಾಗ, ಮಾತಾಡ್ಕೋತ ನಡದು ನೋಡಬೇಕಿತ್ತು."

ಪೀರಸಾಬ ಮಾಹೀರಾಳ ಕಡೆ ತಿರುಗಿದ. ಕೊಡ ಹಿಡಿದು ಗಟ್ಟಿಯಾದ ಆ ಕೈಗಳಿಗೆ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. "ಬೇಟಿ, ನಿನ್ನ ಬಾಯಿ ಕಟ್ಟಿದಾಂವ ನಾನಾ?"

"ಏ ಚಾಚಾ, ಬಿಡ್ರಿ! ನನ್ನ ಎಲಿ ಕೆಡಬಾರ್ದಂತ ಮಾಡೀರಿ." ಮಾಹೀರಾ ಕಣ್ಣೊರಸಿಕೊಂಡಳು. "ಕಳ್ಳಿ ಅಲ್ಲಂತ ಆತಲ್ಲ, ನನಗಷ್ಟ ಸಾಕು."

ಪೀರಸಾಬನ ಮನಸ್ಸನ್ನೂ ಮುರಿಯಬಾರದು, ಮಾತನ್ನೂ ಮುರಿಯಬಾರದು. ಡಬ್ಬಿಗಳನ್ನು ಎದುರಿನ ತೊಲೆಗಳಿಗೆ ಏರಿಸಿ, ಬುಟ್ಟಿಗಳ ತಲೆಯ ಮೇಲಿಂದ ನೋಡುವಂತೆ ಓರೆಯಾಗಿ ಕಟ್ಟಿದೆವು. ಬಿಸಿ ಎಲೆಗೆ ತಾಗದಂತೆ ಒಂದೊಂದಕ್ಕೂ ಒಣಗಿದ ಖಾಲಿ ಬಿದಿರು ಬುಟ್ಟಿಯನ್ನು ಬೋರಲು ಹಾಕಿದೆವು. ಒಣ ಬಿದಿರಿನ ಸಂದಿಯಲ್ಲಿ ಗಾಳಿಯೂ ಹೋಗುತ್ತದೆ, ಮಾತೂ ಹೋಗುತ್ತದೆ. ಪೀರಸಾಬ ಕೆಳಗೆ ನಿಂತು ಕೈ ಎತ್ತಿ ನೋಡಿ, "ಬಿಸಿ ಇಲ್ಲ. ಪಾಸ್," ಎಂದ.

ಅಸದ ಗಂಟಲು ಸರಿಮಾಡಿಕೊಂಡ. "ಮಾಹೀರಾ, ನಾ ಅಂದಿದ್ದು..."

"ಮೊದಲು ಆ ಬುಟ್ಟಿ ಎತ್ತಿ ಈ ಕಡೆ ಇಡು. ಆಮ್ಯಾಲ ಮಾಫಿ."

ಅವನು ಎರಡೂ ತೋಳಲ್ಲಿ ಬುಟ್ಟಿ ಅಪ್ಪಿಕೊಂಡು ಹೊರಟ. ನಿಜ ಹೇಳಬೇಕೆಂದರೆ ಅವನ ಮುಖದಲ್ಲೂ ಒಂದು ಹಗುರ ಇತ್ತು. ವಖಾರಿಯ ಹುಡುಗಿ ಕಳ್ಳಿಯಲ್ಲ ಎನ್ನುವುದು ಅವನಿಗೂ ಸಿಹಿಯೇ.

ಮಾಹೀರಾ ಹಿರೇಕೆರೂರಿನ ಫಕ್ಕೀರಪ್ಪನಿಗೆ ಫೋನು ಹಚ್ಚಿದಳು, ಮುಂಜಾನೆ ಅರ್ಧಕ್ಕೆ ಮಾತು ಸತ್ತಿದ್ದ ಗಿರಾಕಿಗೆ. ಪೀರಸಾಬ ಮುಂದೆ ನೀರು ಚಿಮುಕಿಸುತ್ತ ಹೊರಟ, ಆಕೆ ಹಿಂದೆ. ಮೊದಲ ಕಮಾನು. ಎರಡನೆಯದು. ಮೂರನೆಯದು. "ತೊಟ್ಟು ಮುರದ್ರ ನೀರು ಚಿಮ್ಮತೈತ್ರಿ..." ನಾಲ್ಕನೆಯದು. ಹಜಾರದ ತುದಿಯ ಗೋಡೆ ಮುಟ್ಟಿ ತಿರುಗಿ ಬಂದಳು. ಇದ್ದ ಎಲೆಯೆಲ್ಲ ಮಾರಾಟವಾಯಿತು. ಸೀಟಿ ಹೊಡೆದವನು ನಾನೊಬ್ಬನೇ ಅಲ್ಲ, ವಿದ್ಯಾಶ್ರೀಯೂ ಹೊಡೆದಳು. ಆಕೆಯದೇ ಜೋರಾಗಿತ್ತು.

ಸ್ಪೀಕರಿನಲ್ಲಿ ಫಕ್ಕೀರಪ್ಪ ನಗುತ್ತಿದ್ದ. "ಯವ್ವಾ, ಇವತ್ತ ಪೂರಾ ಮಾತಾಡಿದಿ ನೋಡು! ಪ್ರತಿಸಲ ನೀ ಕಟ್ಟಾದಕೂಡ್ಲೆ ನಿಮ್ಮ ಆಫೀಸಿನಾಂವ ಹಚ್ಚತಿದ್ದ. ಇವತ್ತ ಅವಂಗ ಕೆಲಸಿಲ್ಲ."

ಮಾಹೀರಾ ನಿಂತಳು. "ಯಾರ್ರೀ ಹಚ್ಚತಿದ್ರು?"

"ಹೆಸರು ಹೇಳಂಗಿಲ್ಲ. ಪಿಸಿಪಿಸಿ ಮಾತಾಡ್ತಾನ. 'ಆ ಹುಡುಗಿ ಕಡಿ ಮಾಲಿಲ್ಲ, ಈ ಸಲ ಹಾನಗಲ್ಲ ಕಡೆ ತಗೋರಿ' ಅಂತಾನ. ನಿಮ್ಮ ವಖಾರಿ ನಂಬರ್ರ ಅದು. ಕೊನಿಗೆ ನಾಕು ಬರ್ತೈತಲ್ಲ?"

ನಾಲ್ಕು. ಟಾಕಿಯಲ್ಲಿ ಬಿದ್ದು ಸತ್ತ ಫೋನು.

ಮಾಹೀರಾ ಫಕ್ಕೀರಪ್ಪನಿಗೆ ಶರಣು ಹೇಳಿ ಫೋನಿಟ್ಟಳು. ಗೋಣಿ ಮಾತನ್ನು ಕೊಂದಿತ್ತು ನಿಜ. ಆದರೆ ಪ್ರತಿಸಲ ಅದು ಸಾಯುವುದನ್ನೇ ಕಾದು, ಗಿರಾಕಿಯನ್ನು ಎತ್ತಿಕೊಂಡು ಹೋದದ್ದು ಗೋಣಿಯಲ್ಲ.

ವಿದ್ಯಾಶ್ರೀ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ನಾಲ್ಕನೇ ನಂಬರು ಹಸಿರಾಗಿ ಹೊಳೆಯುತ್ತಿತ್ತು. ಜೀವಂತ. ಈಗಷ್ಟೇ ಯಾರೋ ಆನ್ ಮಾಡಿದ್ದರು. ಅದು ಕೈ ಹಿಡಿದಿದ್ದ ಡಬ್ಬಿ ಆಫೀಸಿನದು.

"ಹಚ್ಚಲೇನು?" ಎಂದು ತುಟಿಯಲ್ಲೇ ಕೇಳಿದಳು.

ನಾನು ಅಸದನನ್ನು ನೋಡಿದೆ. ಅವನು ಹಜಾರದ ಆ ತುದಿಯಲ್ಲಿ ಬುಟ್ಟಿ ಅಪ್ಪಿಕೊಂಡು ನಿಂತಿದ್ದ, ಎರಡೂ ಕೈ ತುಂಬಿದ್ದವು. ಪೀರಸಾಬನ ಕೈಯಲ್ಲಿ ಕೊಡ. ಮಾಹೀರಾ ನನ್ನ ಪಕ್ಕದಲ್ಲೇ.

ತಲೆಯಾಡಿಸಿದೆ. ವಿದ್ಯಾಶ್ರೀ ಒತ್ತಿದಳು.

ಟ್ರಿಣ್ ಟ್ರಿಣ್.

ಸದ್ದು ಮೆತ್ತಗಿತ್ತು, ಹತ್ತಿಯೊಳಗಿಂದ ಬಂದಂತೆ. ಜಾಲಂಧ್ರದ ಆಚೆಯಿಂದ. ನಾವು ಮೂವರೂ ಆಫೀಸಿನ ಹೊಸ್ತಿಲಿಗೆ ಬಂದು ನಿಂತೆವು.

ಟ್ರಿಣ್ ಟ್ರಿಣ್.

ನಮ್ಮನ್ನು ಕರೆಸಿದ, ಉತ್ತರ ಬೇಕೆಂದ ನಬೀಸಾಬರು ಗಾದಿಯ ಮೇಲೆ ಹಾಗೇ ಕುಂತಿದ್ದರು. ಸದ್ದು ಬರುತ್ತಿದ್ದದ್ದು ಅವರ ಕೆಳಗಿನಿಂದ. ತಸ್ಬಿಯ ಮಣಿ ಮೊದಲ ಸಲ ನಿಂತಿತ್ತು.

"ಮಾಮೂ," ಎಂದಳು ಮಾಹೀರಾ. ಈಗಷ್ಟೇ ಬಂದಿದ್ದ ನಗು ಮುಖದಿಂದ ಪೂರ್ತಿ ಹೋಗಿರಲಿಲ್ಲ. "ಒಂದೀಟು ಏಳ್ರಿ."

ನಬೀಸಾಬರು ಏಳಲಿಲ್ಲ. ಆಕೆಯ ಮುಖವನ್ನೂ ನೋಡಲಿಲ್ಲ. ನನ್ನ ಹಿಂದೆ, ಹಜಾರದ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

"ಅಕೀಬ, ಬಾಗಲಾ ಹಾಕು. ಹಾನಗಲ್ಲ ವ್ಯಾಪಾರಾನೂ ನಂದ, ಅದರಾಗ ಅಸದನ ಅವ್ವಗ ಪಾಲಿಲ್ಲ. ಅಂವ ಒಳಗ ಬರೂದ್ರಾಗ ಹಾಕು."